ಗುಲ್ಮವೂ ಅರ್ಬುದದ ಪ್ರಸಾರವೂ

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ಮೇಲೆ ಪೋತ್ನಾಳವೆಂಬ ಊರಿದೆ. ಅಲ್ಲಿ ನೆಲೆಸಿರುವ ನಮ್ಮ ಸೋದರತ್ತೆಯವರು ಕೆಲವು ವರ್ಷಗಳ ಹಿಂದೆ ಸ್ತನದ ಅರ್ಬುದಕ್ಕೆ, ಎಂದರೆ ಎಲ್ಲರ ಬಾಯಲ್ಲಿರುವ ಕ್ಯಾನ್ಸರಿಗೆ, ಚಿಕಿತ್ಸೆ ಪಡೆದು ಚೇತರಿಸಿಕೊಂಡಿದ್ದರು. ಕಳೆದ ವರ್ಷ ಮಳೆಗಾಲದ ಕೊನೆಯಲ್ಲಿ ಅವರಿಗೆ ಜ್ವರ ಬಂದು, ಹೊಟ್ಟೆಯ ಎಡಭಾಗ ಭಾರವಾದಂತೆ ತೋರಲು, ಪಟ್ಟಣಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಗುಲ್ಮವು ದೊಡ್ಡದಾಗಿದೆ ಎಂದು ವರದಿ ಬಂದಿತು. ವರದಿಯಲ್ಲಿದ್ದುದು ಇಷ್ಟೇ ಮಾತು. ಆದರೆ ಮನೆಯವರು ಅದರಲ್ಲಿ ಇಲ್ಲದ ಮಾತನ್ನೂ ಓದಿಕೊಂಡರು. ನಾವು ಊರಿಗೆ ಹೋದಾಗ ಅತ್ತೆಯವರು ಕೇಳಿದ ಮೊದಲ ಪ್ರಶ್ನೆ ಇದು: "ಅದೇನೋ ಸ್ಪ್ಲೀನಿಗೂ ಹತ್ತೈತಂತಲ್ಲಪ್ಪಾ, ಖರೇನು?" ಆ ಅಂಗವನ್ನು ತೆಗೆಸಿಬಿಟ್ಟರೆ ರೋಗವು ಮುಂದಕ್ಕೆ ಹಬ್ಬಲಾರದೆಂದು ಹಿತೈಷಿಗಳೊಬ್ಬರು ಸಲಹೆಯನ್ನೂ ಕೊಟ್ಟಿದ್ದರು.

ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆ ದಿನ ನಾವು ಕೊಡಬಹುದಾಗಿದ್ದ ಉತ್ತರವೆಂದರೆ, ವೈದ್ಯರನ್ನು ಮತ್ತೊಮ್ಮೆ ಕಾಣಬೇಕು ಎಂಬುದಷ್ಟೇ. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದನ್ನು ಬೆನ್ನಟ್ಟಿ ಹೋದಾಗ, ಗುಲ್ಮಕ್ಕೂ ಅರ್ಬುದಕ್ಕೂ ಇರುವ ಸಂಬಂಧದ ಚರಿತ್ರೆಯು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನದೆಂದೂ, ಅದರಲ್ಲಿ ಸಾಕ್ಷ್ಯವನ್ನು ಓದುವ ಬಗೆ ಹೇಗೆಂಬ ನಮ್ಮ ಶಾಸ್ತ್ರದ ಪ್ರಶ್ನೆಯೇ ಅಡಗಿದೆಯೆಂದೂ ಕಂಡುಬಂದಿತು. ಅರ್ಬುದವು ಗುಲ್ಮಕ್ಕೆ ಮೇಲಿಂದ ಮೇಲೆ ಹಬ್ಬುತ್ತದೆಯೆ? ಹಬ್ಬದಿದ್ದರೆ, ಅರ್ಬುದದ ಪ್ರಸಾರದಲ್ಲಿ ಆ ಅಂಗಕ್ಕೆ ಪಾತ್ರವೇ ಇಲ್ಲವೆನ್ನಬಹುದೆ? ಪಾತ್ರವಿದ್ದರೆ, ಅದನ್ನು ತೆಗೆದುಹಾಕುವುದು ಸರಿಯೆ? ಈ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಕ್ರಮವಾಗಿ ವಿಚಾರಿಸುತ್ತೇವೆ.

೧. ಹೆಸರುಗಳು ಮತ್ತು ಹಳೆಯ ಕಲ್ಪನೆಗಳು

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಪಠ್ಯಪುಸ್ತಕಗಳು ಈ ಅಂಗವನ್ನು ಗುಲ್ಮವೆಂದು ಕರೆಯುತ್ತವೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಾದರೋ ಅಂಗದ ಹೆಸರು ಪ್ಲೀಹ. ಗುಲ್ಮವೆಂದರೆ ಹೊಟ್ಟೆಯಲ್ಲಿ ಗಂಟಿನಂತೆ ಕೈಗೆ ಸಿಕ್ಕುವ ಒಂದು ರೋಗ. ಅಮರಕೋಶವು ಈ ಎರಡು ಶಬ್ದಗಳನ್ನು ಪರ್ಯಾಯಪದಗಳಾಗಿ ಕೊಟ್ಟಿರುವುದರಿಂದ, ಅಂಗದ ಹೆಸರೂ ರೋಗದ ಹೆಸರೂ ಒಂದಾಗಿ ಕಲೆತುಹೋಗಿರುವುದು ಇಂದುನಿನ್ನಿನ ಸಂಗತಿಯಲ್ಲ. ಗುಲ್ಮವೆಂಬ ಮಾತು ಕಿವಿಗೆ ಬಿದ್ದೊಡನೆ ಗಡ್ಡೆಯೆಂಬ ಭಾವನೆ ಹುಟ್ಟುವುದಕ್ಕೆ ಶಬ್ದದ ಈ ಇತಿಹಾಸವೂ ಸ್ವಲ್ಪ ಮಟ್ಟಿಗೆ ಕಾರಣವಾಗಿರಬಹುದು.

ಚರಕಸಂಹಿತೆಯು ಯಕೃತ್ತು ಮತ್ತು ಪ್ಲೀಹಗಳನ್ನು ರಕ್ತವನ್ನು ವಹಿಸುವ ಸ್ರೋತಸ್ಸುಗಳ ಮೂಲವೆಂದು ಹೇಳುತ್ತದೆ. ಈ ಅಂಗವು ರಕ್ತಕ್ಕೆ ಸಂಬಂಧಿಸಿದ್ದೆಂಬ ಅರಿವು ಅಷ್ಟು ಹಿಂದೆಯೇ ಇದ್ದಿತೆಂಬುದು ಗಮನಾರ್ಹ. ಗ್ರೀಕರ ವೈದ್ಯದಲ್ಲಿ ಕಲ್ಪನೆ ಬೇರೆ ದಾರಿ ಹಿಡಿಯಿತು. ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್ ಎಂಬ ವೈದ್ಯನ ಮತದಂತೆ ದೇಹದಲ್ಲಿ ನಾಲ್ಕು ರಸಗಳಿದ್ದು, ಅವುಗಳಲ್ಲೊಂದಾದ ಕಪ್ಪುಪಿತ್ತವನ್ನು ರಕ್ತದಿಂದ ಸೆಳೆದು ಶುದ್ಧಿಗೊಳಿಸುವುದು ಗುಲ್ಮದ ಕೆಲಸ. ಅದು ತನ್ನ ಕೆಲಸದಲ್ಲಿ ಸೋತರೆ ಕಪ್ಪುಪಿತ್ತವು ಒಂದೆಡೆ ಶೇಖರವಾಗಿ ಅರ್ಬುದವಾಗುತ್ತದೆ. ಹೀಗೆ ಗುಲ್ಮವನ್ನೂ ಅರ್ಬುದವನ್ನೂ ಕಾರ್ಯಕಾರಣಭಾವದಿಂದ ಗಂಟುಹಾಕಿದ ಮೊದಲ ಸಿದ್ಧಾಂತ ಇದೆಂದು ಹೇಳಬಹುದು.

ಈ ಗ್ರೀಕ್ ಕಲ್ಪನೆಗೂ ನಮ್ಮ ರಾಯಚೂರು ಸೀಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಗೇಲನ್ನನ ವೈದ್ಯವು ಅರಬ್ಬೀ ಭಾಷೆಗೆ ಇಳಿದು, ಇಬ್ನ್ ಸೀನಾ (೯೮೦–೧೦೩೭) ಮೊದಲಾದವರ ಗ್ರಂಥಗಳ ಮೂಲಕ ಯುನಾನಿ ಪದ್ಧತಿಯೆಂಬ ಹೆಸರಿನಿಂದ ಭಾರತಕ್ಕೆ ಬಂದು ನೆಲೆಗೊಂಡಿತು. ರಾಯಚೂರು, ಮಾನ್ವಿ, ದೇವದುರ್ಗಗಳು ೧೯೫೬ರ ನವೆಂಬರ್ ೧ರ ವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ನಿಜಾಮರ ಆಳ್ವಿಕೆಯಲ್ಲಿ ಯುನಾನಿಗೆ ವಿಶೇಷ ಆಶ್ರಯವಿದ್ದು, ಚಾರ್‌ಮಿನಾರಿನ ಬಳಿ ಅದರದೇ ಆದ ದೊಡ್ಡ ಆಸ್ಪತ್ರೆಯೂ ಎದ್ದಿತು. ಆ ಪದ್ಧತಿಯಲ್ಲಿ ಗುಲ್ಮಕ್ಕೆ ತಿಹಾಲ್ ಎಂದೂ, ಕಪ್ಪುಪಿತ್ತಕ್ಕೆ ಸೌದಾ ಎಂದೂ, ಅರ್ಬುದಕ್ಕೆ ಸರತಾನ್ ಎಂದೂ ಹೆಸರು. ಸರತಾನ್ ಎಂದರೆ ಏಡಿ. ಗ್ರೀಕರ ಕಾರ್ಕಿನೋಸ್, ಲ್ಯಾಟಿನ್ನಿನ ಕ್ಯಾನ್ಸರ್, ಕನ್ನಡದಲ್ಲಿ ಬಳಕೆಗೆ ಬಂದ ಏಡಿಗಂತಿ ಇವೆಲ್ಲವೂ ಆ ಏಡಿಯ ಉಪಮಾನವನ್ನೇ ಹೊತ್ತಿವೆ.

ಕ್ರಿಸ್ತಶಕ ೧೫೪೩ರಲ್ಲಿ ವೆಸೇಲಿಯಸ್ಸನ ಶರೀರರಚನಾಗ್ರಂಥ ಪ್ರಕಟವಾದ ಮೇಲೆ, ಯುರೋಪಿನಲ್ಲಿ ಶವಚ್ಛೇದನವು ಗ್ರಂಥಪ್ರಮಾಣಕ್ಕಿಂತ ಹೆಚ್ಚಿನ ಪ್ರಮಾಣವೆನಿಸತೊಡಗಿತು. ಕಪ್ಪುಪಿತ್ತವನ್ನು ಹುಡುಕಿದವರಿಗೆ ಅದು ಕಾಣಲಿಲ್ಲ. ಸಿದ್ಧಾಂತವು ಕ್ರಮೇಣ ಕುಸಿಯಿತು. ಅದರೊಂದಿಗೆ ಗುಲ್ಮಕ್ಕೂ ಅರ್ಬುದಕ್ಕೂ ಇದ್ದ ನಂಟೂ ಕಡಿದುಹೋದಂತಾಯಿತು.

೨. ಗುಲ್ಮದ ಸ್ವರೂಪ

ಇಂದಿನ ತಿಳಿವಳಿಕೆಯಂತೆ ಗುಲ್ಮವು ಹೊಟ್ಟೆಯ ಎಡಮೇಲ್ಭಾಗದಲ್ಲಿ, ಒಂಬತ್ತರಿಂದ ಹನ್ನೊಂದನೆಯ ಪಕ್ಕೆಲುಬುಗಳ ಮರೆಯಲ್ಲಿರುವ ಮೃದುವಾದ ಅಂಗ. ಪ್ರಾಯದವರಲ್ಲಿ ಅದರ ತೂಕ ಸುಮಾರು ೧೫೦ ಗ್ರಾಂ. ಇಷ್ಟು ಚಿಕ್ಕದಾದರೂ ಹೃದಯವು ಹೊರಕ್ಕೆ ತಳ್ಳುವ ರಕ್ತದಲ್ಲಿ ನೂರಕ್ಕೆ ಸುಮಾರು ಐದು ಪಾಲು ಇದರ ಮೂಲಕ ಹರಿಯುತ್ತದೆ. ಅದರ ಒಳಗಿನ ಕೆಂಪು ತಿರುಳು ಮುಪ್ಪಾದ ಕೆಂಪು ರಕ್ತಕಣಗಳನ್ನು ಸೋಸಿ ತೆಗೆದರೆ, ಬಿಳಿ ತಿರುಳು ರಕ್ತದಲ್ಲಿ ಬಂದ ರೋಗಾಣುಗಳನ್ನು ಗುರುತಿಸಿ ಅವುಗಳ ವಿರುದ್ಧ ರಕ್ಷಣೆಯನ್ನು ಸಿದ್ಧಪಡಿಸುತ್ತದೆ. ಗುಲ್ಮದಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಹೋಗದೆ, ಕರುಳಿನ ರಕ್ತದೊಡನೆ ಕೂಡಿ ಯಕೃತ್ತಿಗೆ ಹೋಗುತ್ತದೆ. ಗುಲ್ಮದಿಂದ ದುಗ್ಧರಸವನ್ನು ಹೊರಕ್ಕೆ ಒಯ್ಯುವ ನಾಳಗಳುಂಟು, ಹೊರಗಿನಿಂದ ಅದರೊಳಕ್ಕೆ ತರುವ ನಾಳಗಳಿಲ್ಲ. ಈ ಎರಡು ಸಂಗತಿಗಳು ಮುಂದಿನ ವಿಚಾರಕ್ಕೆ ಬೇಕಾಗುತ್ತವೆ.

೩. ಬೀಜ ಮತ್ತು ನೆಲ

ಅರ್ಬುದದ ಭಯಂಕರತೆ ಇರುವುದು ಅದು ಹುಟ್ಟಿದ ಸ್ಥಳದಲ್ಲಿ ಅಲ್ಲ, ಹಬ್ಬುವುದರಲ್ಲಿ. ಮೂಲ ಗಡ್ಡೆಯಿಂದ ಕಳಚಿಕೊಂಡ ಜೀವಕಣಗಳು ರಕ್ತದಲ್ಲಾಗಲಿ ದುಗ್ಧರಸದಲ್ಲಾಗಲಿ ಸಾಗಿ ದೂರದ ಅಂಗದಲ್ಲಿ ಬೇರೂರುತ್ತವೆ. ಹತ್ತೊಂಬತ್ತನೆಯ ಶತಮಾನದ ಅನೇಕ ವಿದ್ವಾಂಸರು ಇದನ್ನು ಕೇವಲ ರಕ್ತಪ್ರವಾಹದ ಪರಿಣಾಮವೆಂದು ತಿಳಿದಿದ್ದರು. ಹಾಗಿದ್ದಲ್ಲಿ, ಹೆಚ್ಚು ರಕ್ತ ಹರಿಯುವ ಅಂಗಗಳಲ್ಲೆಲ್ಲ ಅರ್ಬುದವು ಹೆಚ್ಚಾಗಿ ನೆಲೆಸಬೇಕಾಗಿತ್ತು.

ಲಂಡನ್ನಿನ ಶಸ್ತ್ರವೈದ್ಯನಾದ ಸ್ಟೀಫನ್ ಪ್ಯಾಜೆಟ್ (೧೮೫೫–೧೯೨೬) ೧೮೮೯ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದು ಈ ಅಭಿಪ್ರಾಯವನ್ನು ಪ್ರಶ್ನಿಸಿದನು. ಆತನು ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ. ಇತಿಹಾಸಕಾರನು ದಫ್ತರಗಳನ್ನು ತೆಗೆದು ನೋಡುವಂತೆ ಶವಪರೀಕ್ಷೆಗಳ ದಾಖಲೆಗಳನ್ನು ತೆಗೆದು ನೋಡಿದನು. ಸ್ತನದ ಅರ್ಬುದದಿಂದ ಮರಣಹೊಂದಿದ ೭೩೫ ಮಂದಿಯಲ್ಲಿ ೨೪೧ ಮಂದಿಯ ಯಕೃತ್ತಿಗೆ ಅರ್ಬುದವು ಹಬ್ಬಿತ್ತು. ಗುಲ್ಮಕ್ಕೆ ಹಬ್ಬಿದ್ದುದು ಕೇವಲ ೧೭ ಮಂದಿಯಲ್ಲಿ. ಗುಲ್ಮಕ್ಕೆ ಹೋಗುವ ಧಮನಿ ಸಣ್ಣದೇನಲ್ಲ. ರಕ್ತದಲ್ಲಿ ಕೀವಿನ ವಿಷ ಹರಡಿ ಸತ್ತವರನ್ನು ನೋಡಿದರೆ, ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಕೀವುಗಡ್ಡೆಗಳು ಕಾಣುತ್ತಿದ್ದು, ಎರಡರ ನಡುವೆ ಇಷ್ಟು ಅಗಾಧವಾದ ಅಂತರವಿರಲಿಲ್ಲ. ಆದುದರಿಂದ ಕಣಗಳು ಗುಲ್ಮಕ್ಕೆ ತಲುಪದೆ ಇರುವುದಿಲ್ಲ. ತಲುಪಿದರೂ ಅಲ್ಲಿ ಬೆಳೆಯಲಾರವು. ಅರ್ಬುದದ ಕಣವನ್ನು ಬೀಜಕ್ಕೂ ಅಂಗವನ್ನು ನೆಲಕ್ಕೂ ಹೋಲಿಸಿ, ಬೀಜಕ್ಕೆ ಒಗ್ಗುವ ನೆಲ ಸಿಕ್ಕಿದಲ್ಲಿ ಮಾತ್ರ ಅದು ಮೊಳೆಯುವುದೆಂದು ಪ್ಯಾಜೆಟ್ ನಿರ್ಣಯಿಸಿದನು.

ಈ ಉಪಮಾನವನ್ನು ನಮ್ಮ ಸೀಮೆಯ ಒಕ್ಕಲಿಗನಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಹಿಂಗಾರಿಯ ಬಿಳಿಜೋಳ ಎರೆಯಲ್ಲಿ ಬರುವಂತೆ ಮಸಾರಿಯಲ್ಲಿ ಬಾರದೆಂದು ಅವನು ಬಲ್ಲನು. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಇದಕ್ಕಿಂತಲೂ ಹತ್ತಿರದ ನಿದರ್ಶನವೊಂದುಂಟು. ನೀರು ಧಾರಾಳವಾಗಿ ಹರಿದರೂ ಸವುಳು ಹತ್ತಿದ ಹೊಲದಲ್ಲಿ ಬಿತ್ತಿದ ಬೀಜ ಮೊಳೆಯದು. ಗುಲ್ಮವು ರಕ್ತವೆಂಬ ಕಾಲುವೆಯ ದಡದಲ್ಲಿರುವ ಅಂಥ ಹೊಲವೆಂದು ಪ್ಯಾಜೆಟ್ಟನ ವಾದವನ್ನು ಸಂಗ್ರಹಿಸಬಹುದು.

ಈ ವಾದಕ್ಕೆ ವಿರೋಧವೂ ಇದ್ದಿತು. ಅಮೆರಿಕದ ಜೇಮ್ಸ್ ಯೂಯಿಂಗ್ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ನಾಳಗಳ ರಚನೆಯೇ ಎಲ್ಲವನ್ನೂ ವಿವರಿಸುತ್ತದೆಂದು ವಾದಿಸಿದನು. ಕರುಳಿನ ಅರ್ಬುದವು ಯಕೃತ್ತಿಗೆ ಹೋಗುವುದು ಕರುಳಿನ ರಕ್ತ ಮೊದಲು ಅಲ್ಲಿಗೇ ಹೋಗುವುದರಿಂದ ಎಂಬಲ್ಲಿ ಅವನ ಮಾತು ನಿಜ. ಗುಲ್ಮದೊಳಕ್ಕೆ ದುಗ್ಧರಸದ ದಾರಿಯಿಲ್ಲದಿರುವುದೂ ಅದರ ರಕ್ಷಣೆಗೆ ಒಂದು ಕಾರಣವೆಂದು ಇಂದಿಗೂ ಹೇಳುತ್ತಾರೆ. ಆದರೆ ೧೯೭೦ರ ದಶಕದಿಂದೀಚೆಗೆ ಐಸಾಯಾ ಫಿಡ್ಲರ್ ಮೊದಲಾದವರು ಇಲಿಗಳಲ್ಲಿ ನಡೆಸಿದ ಪ್ರಯೋಗಗಳಿಂದ, ಒಂದೇ ರಕ್ತಪ್ರವಾಹದಲ್ಲಿ ಬಿಟ್ಟ ಕಣಗಳು ಕೆಲವು ಅಂಗಗಳಲ್ಲಿ ಬೆಳೆದು ಕೆಲವದರಲ್ಲಿ ಬೆಳೆಯವೆಂಬುದು ಸಿದ್ಧವಾಗಿ, ಪ್ಯಾಜೆಟ್ಟನ ಮಾತಿಗೆ ಮತ್ತೆ ಮನ್ನಣೆ ದೊರೆಯಿತು. ದಾರಿಯೂ ಬೇಕು, ನೆಲವೂ ಬೇಕು ಎಂಬುದು ಈಗಿನ ಸಮನ್ವಯ.

ಹೀಗೆ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಬೇರೆ ಅಂಗದಲ್ಲಿ ಹುಟ್ಟಿದ ಗಡ್ಡೆಯು ಗುಲ್ಮಕ್ಕೆ ಹಬ್ಬುವುದು ಅಪರೂಪ. ಚರ್ಮದ ಮೆಲನೋಮಾ, ಸ್ತನ, ಶ್ವಾಸಕೋಶ, ಅಂಡಾಶಯ ಇವುಗಳ ಅರ್ಬುದಗಳು ಒಮ್ಮೊಮ್ಮೆ ಅಲ್ಲಿಗೆ ಹೋಗುವುದುಂಟಾದರೂ, ಆ ವೇಳೆಗೆ ರೋಗವು ಸಾಮಾನ್ಯವಾಗಿ ಇತರ ಅಂಗಗಳಿಗೂ ಹಬ್ಬಿರುತ್ತದೆ. ರಕ್ತದ ಮತ್ತು ದುಗ್ಧಗ್ರಂಥಿಗಳ ಅರ್ಬುದಗಳು ಮಾತ್ರ ಈ ನಿಯಮಕ್ಕೆ ಹೊರತು. ಅವುಗಳ ವಿಚಾರ ಮುಂದೆ ಬರುತ್ತದೆ.

೪. ಕೋಟೆ ಮತ್ತು ದಂಡು

ಆದರೆ ಇಲ್ಲಿಗೆ ನಿಂತರೆ ನಾವು ಸಾಕ್ಷ್ಯವನ್ನು ಅರ್ಧ ಮಾತ್ರ ಓದಿದಂತಾಗುತ್ತದೆ. ಶವಪರೀಕ್ಷೆಯ ದಾಖಲೆಯು ಗಡ್ಡೆ ಎಲ್ಲಿ ಬೆಳೆಯಿತೆಂಬುದನ್ನು ಹೇಳೀತು. ಅದು ಬೆಳೆಯುವುದಕ್ಕೆ ಯಾರು ನೆರವಾದರೆಂಬುದನ್ನು ಹೇಳದು. ರಾಯಚೂರಿನ ದುರ್ಗದಂಥ ಕೋಟೆಯೊಂದರೊಳಗೆ ಶತ್ರುವು ಕಾಲಿಡಲಿಲ್ಲವೆಂದ ಮಾತ್ರಕ್ಕೆ, ಆ ಕೋಟೆಯಿಂದ ಹೊರಟ ದಂಡು ಬಯಲಿನ ಯುದ್ಧದಲ್ಲಿ ಯಾರ ಪಕ್ಷ ವಹಿಸಿತೆಂಬುದು ತೀರ್ಮಾನವಾಗುವುದಿಲ್ಲ.

೨೦೦೯ರಲ್ಲಿ ಬಾಸ್ಟನ್ನಿನ ಸಂಶೋಧಕರು ಒಂದು ಹೊಸ ಸಂಗತಿಯನ್ನು ಪ್ರಕಟಿಸಿದರು. ಮಾನೊಸೈಟ್ ಎಂಬ ಬಿಳಿ ರಕ್ತಕಣಗಳ ದೊಡ್ಡ ಸಂಗ್ರಹವೊಂದು ಇಲಿಯ ಗುಲ್ಮದ ಕೆಂಪು ತಿರುಳಿನಲ್ಲಿರುತ್ತದೆ. ಹೃದಯಕ್ಕೆ ಪೆಟ್ಟಾದಾಗ ಅವು ಅಲ್ಲಿಂದ ಹೊರಟು ಗಾಯದ ಸ್ಥಳವನ್ನು ಸೇರುತ್ತವೆ. ಎಂದರೆ ಗುಲ್ಮವು ಸೋಸುವ ಜರಡಿ ಮಾತ್ರವಲ್ಲ, ದಂಡು ಇಳಿದುಕೊಂಡಿರುವ ಠಾಣ್ಯವೂ ಹೌದು. ಈ ದಂಡು ಗಾಯವನ್ನು ಮಾಯಿಸುವುದಕ್ಕಾಗಿ ಇರುವುದು. ಆದರೆ ಬೆಳೆಯುತ್ತಿರುವ ಅರ್ಬುದವು ದೇಹಕ್ಕೆ ಮಾಯದ ಗಾಯದಂತೆ ತೋರುತ್ತದೆ. ೨೦೧೨ರಲ್ಲಿ ಅದೇ ನಗರದ ಸಂಶೋಧಕರು, ಶ್ವಾಸಕೋಶದ ಅರ್ಬುದವಿದ್ದ ಇಲಿಗಳಲ್ಲಿ ಗಡ್ಡೆಯೊಳಗೆ ಸೇರಿಕೊಂಡ ಕೆಲವು ಬಗೆಯ ಬಿಳಿ ಕಣಗಳು ಗುಲ್ಮದಿಂದ ಬಂದವೆಂದು ತೋರಿಸಿದರು. ಅಲ್ಲಿ ಸೇರಿದ ಮೇಲೆ ಅವು ಗಡ್ಡೆಯ ಮೇಲೆ ಬೀಳುವುದಕ್ಕೆ ಬದಲಾಗಿ ಅದರ ಪೋಷಣೆಗೆ ನಿಲ್ಲುತ್ತವೆ. ದೇಹದ ಇತರ ರಕ್ಷಕಕಣಗಳನ್ನು ತಡೆಯುತ್ತವೆ. ಆ ಇಲಿಗಳ ಗುಲ್ಮವನ್ನು ತೆಗೆದಾಗ ಗಡ್ಡೆಯ ಬೆಳವಣಿಗೆ ತಗ್ಗಿತು.

೨೦೧೮ರಲ್ಲಿ ಚೀನದ ಸಂಶೋಧಕರು ಇನ್ನೊಂದು ಸಂಗತಿಯನ್ನು ಬೆಳಕಿಗೆ ತಂದರು. ಯಕೃತ್ತಿನ ಅರ್ಬುದವಿರುವ ಇಲಿಗಳ ಗುಲ್ಮವು ಹಿಗ್ಗಿ, ಅದರಲ್ಲಿ ಎಳೆಯ ಕೆಂಪುಕಣಗಳನ್ನು ಹೋಲುವ ಒಂದು ಬಗೆಯ ಕಣಗಳು ಹುಟ್ಟುತ್ತವೆ. ಅವು ಆರ್ಟೆಮಿನ್ ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತವೆ. ಆ ದ್ರವ್ಯವು ದೂರದಲ್ಲಿರುವ ಗಡ್ಡೆಯ ಕಣಗಳಿಗೆ ಹಬ್ಬುವ ಬಲವನ್ನು ಕೊಡುತ್ತದೆ. ಯಕೃತ್ತಿನ ಅರ್ಬುದವುಳ್ಳ ರೋಗಿಗಳಲ್ಲಿಯೂ ರಕ್ತದಲ್ಲಿ ಆರ್ಟೆಮಿನ್ ಹೆಚ್ಚಿದ್ದವರ ಸ್ಥಿತಿ ವಿಷಮವಾಗಿದ್ದುದು ಕಂಡುಬಂದಿತು. ಗುಲ್ಮದೊಳಗೆ ಅರ್ಬುದದ ಒಂದು ಕಣವೂ ಬೇರೂರದೆ ಇದ್ದಾಗಲೇ ಇಷ್ಟೂ ನಡೆಯುತ್ತದೆಂಬುದು ಇಲ್ಲಿ ಮುಖ್ಯವಾದ ಮಾತು.

ಇದರಿಂದ ಎರಡನೆಯ ಪ್ರಶ್ನೆಯ ಉತ್ತರವೂ ಸ್ಪಷ್ಟವಾಗುತ್ತದೆ. ಅರ್ಬುದವು ಗುಲ್ಮದಲ್ಲಿ ನೆಲೆಸುವುದು ವಿರಳವಾದರೂ, ಅದರ ಪ್ರಸಾರದಲ್ಲಿ ಗುಲ್ಮಕ್ಕೆ ಪಾತ್ರವಿಲ್ಲವೆಂದು ಹೇಳಲಾಗದು. ಗೇಲನ್ನನ ಕಪ್ಪುಪಿತ್ತ ಸುಳ್ಳಾಯಿತು. ಆದರೆ ಗುಲ್ಮದ ಸ್ಥಿತಿಗೂ ದೂರದ ಅರ್ಬುದಕ್ಕೂ ಸಂಬಂಧವಿರಬಹುದೆಂಬ ಮಾತು ಬೇರೆ ಕಾರಣಗಳಿಂದ ಮರಳಿ ಬಂದಿದೆ. ಇದನ್ನು ಗೇಲನ್ನನ ವಿಜಯವೆಂದು ಭಾವಿಸಬಾರದು. ಅವನು ಹೇಳಿದ ಕಾರಣ ಬೇರೆ, ಇಂದು ಕಂಡಿರುವ ಕಾರಣ ಬೇರೆ.

೫. ತೆಗೆದುಹಾಕುವ ವಿಚಾರ

ಗುಲ್ಮವನ್ನು ತೆಗೆದ ಇಲಿಗಳಲ್ಲಿ ಗಡ್ಡೆ ಕುಗ್ಗಿದುದಾದರೆ ಮನುಷ್ಯರಲ್ಲಿಯೂ ಹಾಗೆಯೇ ಮಾಡಬಾರದೇಕೆ ಎಂದು ಕೇಳುವುದು ಸಹಜ. ಇದಕ್ಕೆ ಉತ್ತರವನ್ನು ಯುದ್ಧದ ಇತಿಹಾಸವೇ ಒದಗಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಗುಲ್ಮವನ್ನು ಕಳೆದುಕೊಂಡ ೭೪೦ ಮಂದಿ ಅಮೆರಿಕನ್ ಯೋಧರ ಮುಂದಿನ ಜೀವನವನ್ನು ಪರಿಶೀಲಿಸಿ ೧೯೭೭ರಲ್ಲಿ ಒಂದು ವರದಿ ಪ್ರಕಟವಾಯಿತು. ನ್ಯುಮೋನಿಯಾದಿಂದಲೂ ಹೃದ್ರೋಗದಿಂದಲೂ ಅವರಲ್ಲಿ ಹೆಚ್ಚು ಮಂದಿ ಸತ್ತಿದ್ದರು; ಅರ್ಬುದದ ವಿಷಯದಲ್ಲಿ ಅವರಿಗೆ ಯಾವ ಲಾಭವೂ ಕಂಡುಬರಲಿಲ್ಲ. ೨೦೧೪ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಗುಲ್ಮ ತೆಗೆಸಿಕೊಂಡ ೮,೧೪೯ ಮಂದಿ ಅಮೆರಿಕನ್ ಮಾಜಿ ಯೋಧರನ್ನು ಕುರಿತದ್ದು. ಅವರಲ್ಲಿ ಸೋಂಕುಗಳೂ, ರಕ್ತ ಹೆಪ್ಪುಗಟ್ಟುವ ಅಪಾಯವೂ, ಅಷ್ಟೇ ಅಲ್ಲದೆ ಕೆಲವು ಅರ್ಬುದಗಳೂ ಇತರರಿಗಿಂತ ಹೆಚ್ಚಾಗಿದ್ದವು. ಗುಲ್ಮವನ್ನು ತೆಗೆಯಲು ಮೊದಲೇ ಇದ್ದ ರೋಗವೂ ಈ ಅಂತರಕ್ಕೆ ಭಾಗಶಃ ಕಾರಣವಾಗಿರಬಹುದಾದರೂ, ತೆಗೆಯುವುದರಿಂದ ರಕ್ಷಣೆಯುಂಟೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಕಾರಣ ಊಹಿಸಲು ಕಷ್ಟವಲ್ಲ. ಗಡ್ಡೆಗೆ ನೆರವಾಗುವ ಕಣಗಳು ಇರುವ ಸ್ಥಳದಲ್ಲಿಯೇ, ಗಡ್ಡೆಯನ್ನು ಗುರುತಿಸಿ ಕೊಲ್ಲಬಲ್ಲ ಕಣಗಳೂ, ರೋಗಾಣುಗಳನ್ನು ಹಿಡಿಯುವ ಕಣಗಳೂ ಇವೆ. ದಂಡಿನಲ್ಲಿ ಕೆಲವರು ಪಕ್ಷಾಂತರ ಮಾಡಿದರೆಂದು ಕೋಟೆಯನ್ನೇ ಕೆಡವಿದರೆ ನಾಡು ಕಾವಲಿಲ್ಲದಂತಾಗುತ್ತದೆ. ಗುಲ್ಮವಿಲ್ಲದ ಮಕ್ಕಳಿಗೆ ಹಠಾತ್ತಾಗಿ ಘೋರವಾದ ಸೋಂಕು ತಗಲುವುದೆಂಬುದನ್ನು ೧೯೫೨ರಲ್ಲಿಯೇ ಅಮೆರಿಕದ ವೈದ್ಯರಿಬ್ಬರು ವರ್ಣಿಸಿದ್ದರು. ಬೇರೆ ಕಾರಣದಿಂದ ಗುಲ್ಮವನ್ನು ತೆಗೆಯಲೇಬೇಕಾದವರಿಗೆ ಇಂದು ನ್ಯುಮೋಕಾಕಸ್ ಮೊದಲಾದ ರೋಗಾಣುಗಳ ವಿರುದ್ಧ ಲಸಿಕೆಗಳನ್ನು ಹಾಕಿಸುತ್ತಾರೆ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದೂ ಎಚ್ಚರಿಸುತ್ತಾರೆ. ಇಂದಿನ ಸಂಶೋಧನೆಯ ಗುರಿ ಗುಲ್ಮವನ್ನು ತೆಗೆಯುವುದಲ್ಲ, ಅದರಿಂದ ಹೊರಡುವ ಕಣಗಳು ದಾರಿತಪ್ಪದಂತೆ ನೋಡಿಕೊಳ್ಳುವ ಔಷಧವನ್ನು ಹುಡುಕುವುದು.

೬. ನಮ್ಮ ಸೀಮೆಯಲ್ಲಿ ಗುಲ್ಮ

ಇನ್ನು ಪೋತ್ನಾಳದ ಪ್ರಶ್ನೆಗೆ ಬರೋಣ. ಗುಲ್ಮ ದೊಡ್ಡದಾಗುವುದು ಒಂದು ರೋಗವಲ್ಲ, ಅನೇಕ ರೋಗಗಳ ಚಿಹ್ನೆ. ನಮ್ಮ ದೇಶದಲ್ಲಿ ಅದಕ್ಕೆ ಬಹುಕಾಲ ಮುಖ್ಯವಾದ ಕಾರಣವಾಗಿದ್ದುದು ಮಲೇರಿಯಾ. ೧೮೪೦ರ ದಶಕದಲ್ಲಿ ಯಮುನಾ ಕಾಲುವೆಯ ಪ್ರದೇಶದ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ಎಷ್ಟು ಮಂದಿಯ ಗುಲ್ಮ ದೊಡ್ಡದಾಗಿದೆಯೆಂದು ಎಣಿಸಿ, ಊರಿನಲ್ಲಿ ಜ್ವರ ಎಷ್ಟಿದೆಯೆಂಬುದನ್ನು ಅಳೆದನು. ಜ್ವರಕ್ಕೆ ಸೊಳ್ಳೆಯೇ ವಾಹನವೆಂಬುದಕ್ಕೆ ನಿರ್ಣಾಯಕವಾದ ಸಾಕ್ಷ್ಯವನ್ನು ರೊನಾಲ್ಡ್ ರಾಸ್ ೧೮೯೭ರ ಆಗಸ್ಟ್ ೨೦ರಂದು ಕಂಡುಹಿಡಿದುದು ಸಿಕಂದರಾಬಾದಿನಲ್ಲಿ. ಎಂದರೆ ರಾಯಚೂರು ಸೇರಿದ್ದ ಹೈದರಾಬಾದು ರಾಜ್ಯದಲ್ಲಿಯೇ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದುದೂ ಅದೇ ವರ್ಷ. ರೋಗವು ಅಂದಿನಷ್ಟು ಇಂದು ಇಲ್ಲವಾದರೂ ಪೂರ್ತಿಯಾಗಿ ಹೋಗಿಲ್ಲ. ವಿಷಮಶೀತಜ್ವರ, ಯಕೃತ್ತು ಗಟ್ಟಿಯಾಗುವ ರೋಗ, ಹುಟ್ಟಿನಿಂದ ಬರುವ ಕೆಲವು ರಕ್ತದೋಷಗಳು ಇವುಗಳಿಂದಲೂ ಗುಲ್ಮವು ಹಿಗ್ಗುತ್ತದೆ.

ಆದರೆ ದೊಡ್ಡದಾದ ಗುಲ್ಮವನ್ನೆಲ್ಲ ಜ್ವರದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದೂ ಅಪಾಯಕರ. ೧೮೪೫ರಲ್ಲಿ ಎಡಿನ್‌ಬರೋದ ಬೆನೆಟ್ ಮತ್ತು ಬರ್ಲಿನ್ನಿನ ವಿರ್ಕೋ ರಕ್ತದ ಅರ್ಬುದವನ್ನು ಮೊದಲು ವರ್ಣಿಸಿದಾಗ ಅವರ ಕಣ್ಣಿಗೆ ಬಿದ್ದ ಚಿಹ್ನೆಗಳಲ್ಲಿ ಹಿಗ್ಗಿದ ಗುಲ್ಮವೂ ಒಂದು. ದೀರ್ಘಕಾಲದ ಮೈಲಾಯ್ಡ್ ರಕ್ತಾರ್ಬುದದಲ್ಲಿ ಗುಲ್ಮವು ಹೊಕ್ಕುಳನ್ನೂ ದಾಟಿ ಬೆಳೆಯುವುದುಂಟು. ಒಂದು ಕಾಲದಲ್ಲಿ ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿದ್ದ ಈ ರೋಗವನ್ನು, ೨೦೦೧ರಲ್ಲಿ ಅಂಗೀಕೃತವಾದ ಇಮಾಟಿನಿಬ್ ಮಾತ್ರೆಯು ಬಹುಮಂದಿಯಲ್ಲಿ ಹತೋಟಿಗೆ ತಂದಿದೆ. ಅದರ ಹೊಸ ರೂಪಕ್ಕೆ ಕೇಳಿದ್ದ ಪೇಟೆಂಟನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ನಿರಾಕರಿಸಿದ್ದರಿಂದ, ದೇಶದಲ್ಲಿ ತಯಾರಾದ ಅಗ್ಗದ ಮಾತ್ರೆ ಬಡವರಿಗೆ ದೊರೆಯುವುದು ಮುಂದುವರಿಯಿತು. ಇಂಥ ರೋಗಿಯನ್ನು ಮಲೇರಿಯಾದವನೆಂದು ಭಾವಿಸಿ ತಿಂಗಳುಗಟ್ಟಲೆ ಕಾಯಿಸಿದರೆ ಆಗುವ ನಷ್ಟ ತುಂಬಲಾರದ್ದು. ರಕ್ತದ ಒಂದು ಸಾಮಾನ್ಯ ಪರೀಕ್ಷೆಯೇ ಈ ಎರಡನ್ನು ಬೇರ್ಪಡಿಸಲು ಮೊದಲ ಹೆಜ್ಜೆ. ಅದಕ್ಕೆ ನಾನೂರು ಕಿಲೋಮೀಟರು ದೂರದ ಬೆಂಗಳೂರಿಗೆ, ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ, ಮೊದಲೇ ಓಡಬೇಕಾದುದಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಆರಂಭಿಸಿ, ಅಗತ್ಯ ಕಂಡಲ್ಲಿ ಮುಂದಕ್ಕೆ ಹೋಗಬಹುದು.

ನಮ್ಮ ಸೋದರತ್ತೆಯವರ ರಕ್ತವನ್ನು ಪರೀಕ್ಷಿಸಿದಾಗ ಮಲೇರಿಯಾದ ಜೀವಿಗಳು ಕಂಡುಬಂದವು. ಔಷಧಿ ಕೊಟ್ಟರು; ಜ್ವರ ಇಳಿಯಿತು. ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿದಾಗ ಗುಲ್ಮವು ತನ್ನ ಅಳತೆಗೆ ಮರಳಿತ್ತು. ಸ್ತನದ ರೋಗದ ಬಗೆಗೆ ವೈದ್ಯರು ಹೇಳಿದ ವಾಯಿದೆಯಂತೆ ಅವರು ಈಗಲೂ ಪರೀಕ್ಷೆಗೆ ಹೋಗಿಬರುತ್ತಿದ್ದಾರೆ. ಗುಲ್ಮವನ್ನು ತೆಗೆಸುವ ಮಾತನ್ನು ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ.

ವರದಿಯ ಒಂದು ಸಾಲು ಕೈಗೆ ಬಂದಾಗ ಅದು ಹೇಳುವುದೆಷ್ಟು, ಹೇಳದಿರುವುದೆಷ್ಟು ಎಂದು ವಿಂಗಡಿಸಿ ನೋಡುವುದು ಶಾಸನವನ್ನು ಓದುವವರಿಗೆ ಹೇಗೋ ರೋಗಿಯ ಮನೆಯವರಿಗೂ ಹಾಗೆಯೇ ಅವಶ್ಯಕ. ಗುಲ್ಮ ದೊಡ್ಡದಾಗಿದೆಯೆಂದರೆ ಅರ್ಬುದ ಹಬ್ಬಿದೆಯೆಂದು ಅರ್ಥವಲ್ಲ. ಏನೂ ಆಗಿಲ್ಲವೆಂದೂ ಅರ್ಥವಲ್ಲ. ಕಾರಣವನ್ನು ಹುಡುಕಬೇಕೆಂದು ಮಾತ್ರ ಅರ್ಥ.